ಸೀಲು ಒಡೆಯದ ಚೀಲ

“ಚೀಲ ತರಿಸಿ,” ಎಂದರು ಸಮಿತಿಯ ಅಧ್ಯಕ್ಷರು.

ಬೀಜದ ಹಗರಣದ ವಿಚಾರಣೆ ನಡೆದಿದ್ದ ಬೆಂಗಳೂರಿನ ಸಭಾಂಗಣದಲ್ಲಿ ಇಬ್ಬರು ಜವಾನರು ಒಂದು ಗೋಣಿಚೀಲವನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ಬ್ಯಾಡಗಿಯ ಹಮಾಲರ ಓಣಿಯ ಒಂದು ಕೋಣೆಯಲ್ಲಿ, ಟೀವಿಯ ಮುಂದೆ, ಶಂಕ್ರಪ್ಪ ತನ್ನ ಕುರ್ಚಿಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡ.

ಅವನ ಹಿಂದೆ ಮಂಚದ ಮೇಲೆ ರಮಜಾನಬಿ ಕೌದಿಯ ಮಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಸೂಜಿಯಿತ್ತು, ದಾರವಿತ್ತು, ಹೊಲಿಗೆ ಮಾತ್ರ ಸಾಗುತ್ತಿರಲಿಲ್ಲ. ಮೂರು ವಾರದಿಂದ ಶಂಕ್ರಪ್ಪ ಈ ಮನೆಗೆ ಬರುತ್ತಿದ್ದಾನೆ. ಮೂರು ವಾರದಿಂದ ಅದೇ ಕೌದಿ, ಒಂದು ಗೇಣೂ ಮುಂದೆ ಹೋಗಿರಲಿಲ್ಲ.

“ಈ ಕೌದಿ ಮುಗಿಯೂದ್ರಾಗ ಮುಂದಿನ ಚಳಿ ಬರತೈತಿ ನೋಡವಾ,” ಎಂದು ಅವನು ಬೆಳಿಗ್ಗೆಯಷ್ಟೇ ಚೇಷ್ಟೆ ಮಾಡಿದ್ದ. ಅವಳು ನಕ್ಕಿರಲಿಲ್ಲ. ಎಂಟು ತಿಂಗಳಿಂದ ಗಂಡ ಕಾಣೆಯಾಗಿ, ಓಣಿಯವರ ಬಾಯಲ್ಲಿ ‘ಕಳ್ಳನ ಹೇಂತಿ’ ಎನ್ನಿಸಿಕೊಂಡವಳು ಏನೆಂದು ನಗಬೇಕು?

ಅವಳ ಗಂಡ ಮೌಲಾಸಾಬ ಚೀಲದ ಬಾಯಿ ಹೊಲಿಯುವವ. ಮೆಣಸಿನಕಾಯಿ ಸುಗ್ಗಿ ಇದ್ದಾಗ ಬ್ಯಾಡಗಿಯಲ್ಲಿ, ಮುಗಿದ ಮೇಲೆ ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ. ಕಳೆದ ಜೂನಿನಲ್ಲಿ ಸರಕಾರ ಆ ಗೋದಾಮಿನಿಂದಲೇ ಗೋವಿನಜೋಳದ ಬೀಜ ಹಂಚಿತು. ಮಳೆ ಬಿತ್ತು, ಮೊಳಕೆ ಬರಲಿಲ್ಲ. ಕೋಳಿಗೆ ಹಾಕುವ ಕಾಳಿಗೆ ಗುಲಾಬಿ ಬಣ್ಣ ಬಳಿದು ಬೀಜವೆಂದು ಕೊಟ್ಟಿದ್ದರು. ಬಣ್ಣವೆಲ್ಲ ಬದುವಿಗೆ ಹರಿಯಿತು.

ಆ ವಾರವೇ ಮೌಲಾಸಾಬ ಕಾಣೆಯಾದ. ರಮಜಾನಬಿ ಠಾಣೆಗೆ ಓಡಿಬಂದಾಗ ದೂರು ಬರೆದುಕೊಂಡವನು ಈ ಶಂಕ್ರಪ್ಪನೇ, ಆಗ ಅಲ್ಲಿ ಎಎಸ್‌ಐ. ‘ಹೆಂಡತಿಯೊಡನೆ ಜಗಳವಾಡಿ ಮನೆ ಬಿಟ್ಟಿದ್ದಾನೆ’ ಎಂದು ಎರಡೇ ಸಾಲು ಬರೆದು, ಚಹಾ ಕುಡಿಯಲು ಹೋಗಿದ್ದ. ನಿವೃತ್ತಿಯಾದ ಮೇಲೆ ಆ ಎರಡು ಸಾಲು ಅವನ ನಿದ್ದೆ ಕೆಡಿಸಿದವು. ಯಾರೂ ಕರೆಯದೆ ತಾನಾಗಿಯೇ ಈ ಪತ್ತೆದಾರಿಕೆಗೆ ಇಳಿದಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಸಾಲಿಗೆ ತಾನೂ ಸೇರಿದವನೆಂದು ಅವನಿಗೆ ಗೊತ್ತಿತ್ತು.

ಟೀವಿಯಲ್ಲಿ ಗೋದಾಮಿನ ಮೇಲಧಿಕಾರಿ ಸುನೀಲಕುಮಾರ ಎದ್ದು ನಿಂತ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮೆತ್ತನೆಯ ದನಿ.

“ಸನ್ಮಾನ್ಯ ಅಧ್ಯಕ್ಷರೇ, ಜೂನ್ ಹನ್ನೆರಡರ ವರೆಗೆ ಎಲ್ಲ ಚೀಲಗಳ ಬಾಯಿ ಹೊಲಿದವನು ಮೌಲಾಸಾಬ ಎಂಬ ಹಮಾಲ. ಒಳ್ಳೆಯ ಬೀಜ ಮಾರಿಕೊಂಡು, ಕೋಳಿ ಕಾಳು ತುಂಬಿಟ್ಟು, ಹನ್ನೆರಡರ ಸಂಜೆ ಪರಾರಿಯಾದ. ಅವನು ಹೊಲಿದು, ಮಾರದೆ ಉಳಿದ ಚೀಲಗಳಲ್ಲಿ ಇದೊಂದು. ಹದಿನಾಲ್ಕನೇ ತಾರೀಖು ನಾವು ಇದನ್ನು ಅಟ್ಟಿಯಿಂದ ಇಳಿಸಿ, ಇದ್ದ ಹಾಗೆಯೇ ಸೀಲು ಮಾಡಿದೆವು. ಬಾಯಿ ಬಿಚ್ಚಿಲ್ಲ. ಪ್ರಯೋಗಾಲಯದವರೂ ಪಕ್ಕದಿಂದ ಕೊಳವೆ ಚುಚ್ಚಿಯೇ ಕಾಳು ತೆಗೆದಿದ್ದಾರೆ. ನೂರಕ್ಕೆ ತೊಂಬತ್ತೆರಡು ಮೊಳಕೆ. ಇಲಾಖೆ ಕೊಂಡದ್ದು ಒಳ್ಳೆಯ ಬೀಜ. ಕಳ್ಳ ಒಬ್ಬನೇ.”

“ಮೂರು ಗಂಟೆಗೆ ಸಮಿತಿಯ ಮುಂದೆ ಚೀಲವನ್ನು ಬಿಚ್ಚೋಣ,” ಎಂದರು ಅಧ್ಯಕ್ಷರು. ಕ್ಯಾಮೆರಾ ಚೀಲದ ಬಾಯಿಯ ಹತ್ತಿರಕ್ಕೆ ಹೋಯಿತು.

ಶಂಕ್ರಪ್ಪ ಎದ್ದು ಟೀವಿಗೆ ಮೂಗು ತಾಗುವಷ್ಟು ಬಗ್ಗಿದ. ಆಮೇಲೆ ತನ್ನ ಕೈಚೀಲದಿಂದ ಗೋಣಿಯ ಒಂದು ತುಂಡನ್ನು ತೆಗೆದು ಟೀವಿಯ ಪಕ್ಕಕ್ಕೆ ಹಿಡಿದ. ಮೌಲಾಸಾಬನ ಹೊಲಿಗೆಯ ಮಾದರಿಯೆಂದು ಬ್ಯಾಡಗಿಯ ಅಂಗಡಿಯೊಂದರಿಂದ ತಂದಿಟ್ಟುಕೊಂಡ ಹಳೆಯ ಚೀಲದ ಬಾಯಿ ಅದು. ಎಲ್ಲ ಹಮಾಲರ ಹೊಲಿಗೆ ಬಲಕ್ಕೆ ವಾಲಿದರೆ ಇವನದು ಎಡಕ್ಕೆ. ಪೇಟೆಯಲ್ಲಿ ದಬ್ಬಣವನ್ನು ಎಡಗೈಯಲ್ಲಿ ಹಿಡಿಯುವವನು ಅವನೊಬ್ಬನೇ. ಕೊನೆಗೆ ಚೀಲದ ಕಿವಿಗೆ ಸುತಳಿಯ ಮೂರು ಸುತ್ತು.

ಟೀವಿಯ ಚೀಲದಲ್ಲೂ ಎಡಕ್ಕೆ ವಾಲಿದ ಹೊಲಿಗೆ. ಕಿವಿಗೆ ಮೂರು ಸುತ್ತು.

ಅದರಲ್ಲಿ ಹೊಸದೇನೂ ಇರಲಿಲ್ಲ, ಅವನೇ ಹೊಲಿದನೆಂದು ಸುನೀಲಕುಮಾರನೇ ಹೇಳಿದ್ದ. ಶಂಕ್ರಪ್ಪನ ಕಣ್ಣು ನೆಟ್ಟದ್ದು ಬಾಯಿಗೆ ಹೊಲಿದಿದ್ದ ಇಲಾಖೆಯ ಬಿಳಿ ಕಾರ್ಡಿನ ಮೇಲೆ. ಸೀಲು ಮಾಡಿದ ಚೀಲಕ್ಕೆ ಕಾರ್ಡು ಕಟ್ಟಬಾರದು, ಹೊಲಿಗೆಯೊಳಗೇ ಸೇರಿಸಿ ಹೊಲಿಯಬೇಕು ಎಂಬುದು ನಿಯಮ. ಬಾಯಿ ಹೊಲಿದ ಅದೇ ಸುತಳಿ ಆ ಕಾರ್ಡನ್ನು ನಾಲ್ಕು ಕಡೆ ತೂರಿಕೊಂಡು ಹೋಗಿತ್ತು. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ತಾರೀಖು: ಹದಿನಾಲ್ಕು, ಜೂನ್.

“ರಮಜಾನಬಿ!” ಅವನು ಗಕ್ಕನೆ ಅವಳತ್ತ ತಿರುಗಿದ. “ಹನ್ನೆರಡಕ್ಕ ಓಡಿ ಹೋದವ ಹದಿನಾಲ್ಕರ ಕಾರ್ಡ್ ಹೆಂಗ ಹೊಲದ? ಕಾರ್ಡ್ ಬರದ ಮ್ಯಾಲೇ ಬಾಯಿ ಹೊಲದಾರ. ನಿನ್ನ ಗಂಡ ಓಡಿಲ್ಲವಾ. ಹದಿನಾಲ್ಕರ ತನಕ ಅವರ ಕೈಯಾಗಽ ಇದ್ದ. ಜೀವಂತ ಇದ್ದ!”

ಹಿಗ್ಗಿ ಏಳುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಎರಡೂ ಕೈಗಳನ್ನು ಕೌದಿಯ ಮಡಿಕೆಯೊಳಗೆ ಸೇರಿಸಿಕೊಂಡು ಟೀವಿಯನ್ನೇ ನೋಡುತ್ತಿದ್ದಳು.

“ಮೂರು ಗಂಟೇಕ ಖರೇನಽ ಬಿಚ್ಚತಾರೇನ್ರಿ ಅದನ್ನ?” ಎಂದು ಕೇಳಿದಳು.

“ಹೇಳ್ಯಾರಲ್ಲ.”

“ಬಿಚ್ಚಲಿ,” ಎಂದಳು. ಅಷ್ಟೇ.

ಆಘಾತಕ್ಕೆ ನಾಲಿಗೆ ಒಣಗಿದೆ ಎಂದುಕೊಂಡ ಶಂಕ್ರಪ್ಪ, ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಬಿದ್ದ.

* * *

ಫೆಬ್ರವರಿಯ ಬ್ಯಾಡಗಿಯಲ್ಲಿ ಕಣ್ಣೀರಿಗೆ ಕಾರಣ ಬೇಕಿಲ್ಲ. ಮೆಣಸಿನಕಾಯಿಯ ಘಾಟು ಊರ ಅಗಸಿಬಾಗಿಲು ದಾಟಿದರೂ ಬಿಡುವುದಿಲ್ಲ. ಕದರಮಂಡಲಗಿಯ ಆಂಜನೇಯನಿಗೆ ದಾರಿಯಿಂದಲೇ ಕೈ ಮುಗಿದು, ಸೀನುತ್ತ, ಮೂಗು ಒರೆಸುತ್ತ ಅವನು ರಾಣೆಬೆನ್ನೂರು ದಾಟಿ ಹಲಗೇರಿ ಮುಟ್ಟಿದಾಗ ಹನ್ನೆರಡೂವರೆ.

ದಾರಿಯ ಎಲ್ಲ ಚಹಾದಂಗಡಿಗಳಲ್ಲೂ ಅದೇ ಟೀವಿ, ಅದೇ ಚೀಲ. ಜನ ಕ್ರಿಕೆಟ್ ನೋಡಿದ ಹಾಗೆ ನೋಡುತ್ತಿದ್ದರು. ಯಾವ ಶಾಸಕ ಜೋರು ಕೂಗಿದ, ಯಾರು ಯಾರ ಮೈಕು ಕಸಿದ ಎಂಬುದೇ ಮಾತು. ಮೌಲಾಸಾಬನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಶಂಕ್ರಪ್ಪನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಆ ಹೆಸರನ್ನು ಎರಡು ಸಾಲಿನಲ್ಲಿ ಮುಗಿಸಿದವನು ಅವನೇ ತಾನೇ.

ಹಾಲಸಿದ್ದಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಮೊಬೈಲಿನಲ್ಲಿ ಅದೇ ವಿಚಾರಣೆ ನೋಡುತ್ತಿದ್ದ. ಗೋದಾಮಿನ ಕಾವಲುಗಾರ. ಚೀಲ ಸೀಲು ಮಾಡಿದ ಪಂಚನಾಮೆಗೆ ಸಾಕ್ಷಿಯೆಂದು ಸಹಿ ಹಾಕಿದವನು. ಶಂಕ್ರಪ್ಪನನ್ನು ಕಂಡೊಡನೆ ಮೊಬೈಲನ್ನು ತೊಡೆಯ ಕೆಳಗೆ ಸರಿಸಿದ.

“ಬರ್ರಿ ಸಾಹೇಬ್ರ, ಕುಂದ್ರಿ.”

“ಕುಂದ್ರಾಕ ಬಂದಿಲ್ಲ. ಹದಿನಾಲ್ಕನೇ ತಾರೀಖ ಆ ಚೀಲಕ್ಕ ಸೀಲ್ ಹಾಕೂಮುಂದ ನೀ ಅಲ್ಲಿ ಇದ್ದೇನು?”

“ಸಹಿ ಮಾಡೇನಲ್ರಿ.”

“ಸಹಿ ಕೇಳಿಲ್ಲ. ಇದ್ದೇನು?”

ಹಾಲಸಿದ್ದಪ್ಪ ತಲೆ ಕೆರೆದುಕೊಂಡ. “ಹದಿನಾಲ್ಕಕ್ಕ ನಮ್ಮ ಅಳಿಯನ ಊರಾಗ ಇದ್ದೆ.”

“ಮತ್ತ ಸಹಿ?”

“ಖಾಲಿ ಹಾಳಿ ಮ್ಯಾಲೆ ಮದಲಽ ಮಾಡಿ ಕೊಟ್ಟಿದ್ದೆ.”

“ನಾಚಿಕಿ ಬರಾಂಗಿಲ್ಲೇನು? ಒಬ್ಬ ಮನಿಷಾನ ಜೀವದ ಪ್ರಶ್ನೆ. ಖಾಲಿ ಹಾಳಿಗೆ ಸಹಿ ಮಾಡ್ತಾರೇನು?”

ಹಾಲಸಿದ್ದಪ್ಪ ಇದುವರೆಗೆ ನೆಲ ನೋಡುತ್ತಿದ್ದವನು ತಲೆ ಎತ್ತಿದ.

“ಸಾಹೇಬ್ರ, ನೀವು ನನ್ನ ಕಡೆ ಎಷ್ಟು ಪಂಚನಾಮೆಕ್ಕ ಸಹಿ ಮಾಡಿಸೀರಿ, ನೆಪ್ಪೈತೇನು? ಹದಿನೇಳು. ಕಳುವಿನ ಕೇಸು, ಇಸ್ಪೀಟಿನ ಕೇಸು, ಅಪಘಾತ. ಒಂದರಾಗರೆ ನಾ ಜಾಗಾದ ಮ್ಯಾಲೆ ಇದ್ದೇನು? ‘ಏ ಹಾಲಸಿದ್ದ, ಸಹಿ ಮಾಡಿ ಹೋಗು, ಆಮ್ಯಾಲೆ ಬರಕೊಂತೇನಿ’ ಅಂತಿದ್ರಿ. ಮಾಡ್ತಿದ್ದೆ. ಖಾಲಿ ಹಾಳಿ ಮ್ಯಾಲೆ ಸಹಿ ಮಾಡೂದು ನನಗ ಕಲಿಸಿದವ್ರು ಯಾರು? ಸುನೀಲಕುಮಾರ ಸಾಹೇಬ್ರು ಕೇಳಿದಾಗ, ಇದೂ ಹಂಗಽ ಅನಕೊಂಡೆ. ನಿಮಗ ಮಾಡಿದ್ರ ನಂಬಿಕಸ್ಥ, ಅವರಿಗೆ ಮಾಡಿದ್ರ ನಾಚಿಕಿಗೇಡಿಯೇನು?”

ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಶಂಕ್ರಪ್ಪನನ್ನು ಹೀಗೆ ಬೆತ್ತಲೆ ಮಾಡಿರಲಿಲ್ಲ. ಕಟ್ಟೆಯ ಮೇಲೆ ಕುಳಿತ.

“ತಪ್ಪು ನಂದಽ,” ಎಂದ. “ಈಗರೆ ಖರೇ ಹೇಳು. ಆ ಬಾಯಿ ಯಾವಾಗ ಹೊಲದ್ರು?”

ಆ ಒಂದು ಒಪ್ಪಿಗೆಗೆ ಹಾಲಸಿದ್ದಪ್ಪ ಮೆತ್ತಗಾದ. ಬೀದಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದ.

“ಹದಿನಾಲ್ಕಲ್ರಿ, ಹದಿನಾರಕ್ಕ. ಎಲ್ಲಿಂದಲೋ ಒಂದು ಚೀಲ ಒಳ್ಳೆ ಬೀಜ ತಂದ್ರು. ನಮ್ಮ ಅಟ್ಟಿಯ ಚೀಲ ಕಂಡಂಗ ಕಾಣಬೇಕು ಅಂತ ಹಳೇ ಗೋಣಿಯೊಳಗ ಸುರುವಿದ್ರು. ಬಾಯಿ ಹೊಲಿಯಾಕ ಸಾಹೇಬ್ರ ಕಾರಿನ್ಯಾಗ ಒಬ್ಬರನ್ನ ಕರಕೊಂಡು ಬಂದ್ರು. ಮಾರಿ ತುಂಬ ಅರಿವಿ ಮುಚ್ಚಿತ್ತು. ನನ್ನ ಹೊರಗ ನಿಂದ್ರಿಸಿ ಬಾಗಲ ಹಾಕಿದ್ರು. ಅರ್ಧಾ ತಾಸಿಗೆ ತಿರಗಿ ಕಾರಿನ್ಯಾಗ...”

“ಮೌಲಾಸಾಬ!” ಎಂದ ಶಂಕ್ರಪ್ಪ. “ಹದಿನಾರರ ತನಕಾನೂ ಅಂವಗ ಜೀವ ಇತ್ತು!”

ಹಾಲಸಿದ್ದಪ್ಪ ಏನೋ ಹೇಳಲು ಕೈ ಎತ್ತಿದ. ಸಾಕ್ಷಿ ಹೇಳುವವನ ವಾಕ್ಯವನ್ನು ತಾನೇ ಮುಗಿಸುವುದು ಶಂಕ್ರಪ್ಪನ ಹಳೆಯ ಚಟ. ಅವನು ಆಗಲೇ ಎದ್ದು ಮೊಬೈಲು ಕಿವಿಗಿಟ್ಟುಕೊಂಡಿದ್ದ. ಎತ್ತಿದ ಕೈಯನ್ನು ಹಾಲಸಿದ್ದಪ್ಪ ಹಾಗೆಯೇ ಇಳಿಸಿದ.

ಫೋನು ಹೋದದ್ದು ಸಮಿತಿಯ ಸದಸ್ಯೆ ಅರುಣಾ ಅವರಿಗೆ. ವಿರೋಧ ಪಕ್ಷದವರು. ಹೋದ ವಾರ ಹಾವೇರಿಯ ಅವರ ಕಚೇರಿಯ ಬಾಗಿಲಲ್ಲಿ ಎರಡು ತಾಸು ಕಾದು ನಂಬರು ಪಡೆದಿದ್ದ.

“ಮೇಡಂ, ಆ ಚೀಲದ ಬಾಯಿ ಬಿಚ್ಚಾಕ ಬಿಡಬ್ಯಾಡ್ರಿ. ಹೊಲಿಗಿನಽ ಸಾಕ್ಷಿ. ಕತ್ತರಿ ಹಾಕಿದ್ರ ಎಲ್ಲಾ ಹೋತು. ಎಡಗೈಯವನ ಹೊಲಿಗಿ ಅದು, ಹದಿನಾಲ್ಕರ ಕಾರ್ಡ್ ಅದರಾಗ ಐತಿ...”

ಎರಡು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ. ಅತ್ತಲಿಂದ, “ಭೇಷ್ ಶಂಕ್ರಪ್ಪ, ಇಂಥಾದ್ದಽ ಬೇಕಾಗಿತ್ತು ನನಗ,” ಎಂಬ ಮಾತು ಬಂತು. ನಿವೃತ್ತಿಯಾದ ಮೇಲೆ ಅವನನ್ನು ಯಾರೂ ಭೇಷ್ ಎಂದಿರಲಿಲ್ಲ. ಬ್ಯಾಡಗಿಯ ದಾರಿಯಲ್ಲಿ ಸ್ಕೂಟರು ಹಗುರಾಗಿ ಓಡಿತು.

* * *

ಮೂರಕ್ಕೆ ಐದು ನಿಮಿಷ ಇರುವಾಗ ಅವನು ಓಣಿಗೆ ಕಾಲಿಟ್ಟ. ರಮಜಾನಬಿಯ ಮನೆಯ ಬಾಗಿಲು ಎಂಟು ತಿಂಗಳಲ್ಲಿ ಮೊದಲ ಸಲ ಪೂರ್ತಿ ತೆರೆದಿತ್ತು. ಅವಳು ಹಬ್ಬದ ಸೀರೆ ಉಟ್ಟಿದ್ದಳು. ಹೊಸ್ತಿಲಲ್ಲಿ ಪಕ್ಕದ ಮನೆಯ ಮುತ್ತವ್ವ ಕುಳಿತಿದ್ದಳು. ‘ಕಳ್ಳನ ಹೇಂತಿ’ ಎಂಬ ಮಾತನ್ನು ಓಣಿಗೆ ಹಂಚಿದ ಬಾಯಿ ಅವಳದೇ.

“ಇಕಿನ್ನ ಯಾಕ ಕರದಿ?” ಎಂದು ಶಂಕ್ರಪ್ಪ ಮೆಲ್ಲಗೆ ಕೇಳಿದ.

“ನೋಡ್ಲಿ,” ಎಂದಳು ರಮಜಾನಬಿ. ಅವಳ ಕಣ್ಣಲ್ಲಿ ಇವತ್ತಿನವರೆಗೆ ಕಾಣದ ಒಂದು ಹೊಳಪಿತ್ತು. ತಾನು ತಂದ ಸುದ್ದಿಯನ್ನು ಟೀವಿಯೇ ಹೇಳಲಿ ಎಂದು ಅವನು ಸುಮ್ಮನೆ ಕುಳಿತ.

ಟೀವಿಯಲ್ಲಿ ಜವಾನ ತಟ್ಟೆಯಲ್ಲಿ ಕತ್ತರಿ ತಂದ. ರಮಜಾನಬಿ ಎದ್ದು ನಿಂತಳು.

“ಅಧ್ಯಕ್ಷರೇ, ನನ್ನ ಆಕ್ಷೇಪಣೆ ಇದೆ!” ಅರುಣಾ ಮೈಕು ಹಿಡಿದಿದ್ದರು. “ಈ ಬಾಯಿ ಬಿಚ್ಚಕೂಡದು. ಇದು ಎಡಗೈಯವರ ಹೊಲಿಗೆ. ಒಳಗೆ ಸೇರಿಸಿದ ಕಾರ್ಡು ಹದಿನಾಲ್ಕರದು. ಹನ್ನೆರಡಕ್ಕೆ ಓಡಿಹೋದವನು ಇದನ್ನು ಹೊಲಿದದ್ದು ಹೇಗೆ? ತಜ್ಞರು ಪರೀಕ್ಷಿಸುವ ತನಕ ಈ ಹೊಲಿಗೆ ಹೀಗೆಯೇ ಇರಲಿ!”

ಗದ್ದಲವೆದ್ದಿತು. ಅಧ್ಯಕ್ಷರು ಮೇಜು ಕುಟ್ಟಿದರು. ಹತ್ತು ನಿಮಿಷದ ಕೂಗಾಟದ ನಂತರ ತೀರ್ಮಾನ ಬಂತು: ಚೀಲವನ್ನು ಇಂದು ಬಿಚ್ಚುವುದಿಲ್ಲ. ತಜ್ಞರು ಬರುವ ತನಕ ಅದು ಇಲಾಖೆಯ ಸುಪರ್ದಿಯಲ್ಲಿಯೇ ಇರತಕ್ಕದ್ದು.

ಇಲಾಖೆ ಎಂದರೆ ಸುನೀಲಕುಮಾರ. ಅವನು ಎದ್ದು, ಅಧ್ಯಕ್ಷರಿಗೆ ಕೈ ಮುಗಿದು, ಚೀಲದ ಮೇಲೆ ಅಂಗೈ ಇಟ್ಟ.

ಕಳ್ಳನ ಕೈಗೇ ಕೀಲಿ ಕೊಟ್ಟಂತಾಯಿತಲ್ಲ ಎಂದು ಶಂಕ್ರಪ್ಪನಿಗೆ ಹೊಳೆಯುವಷ್ಟರಲ್ಲಿ ಮುತ್ತವ್ವ ಸೆರಗು ಕೊಡವಿ ಎದ್ದಳು. “ಏನೋ ತೋರಸ್ತೇನಿ ಅಂದಿ. ಏನೂ ಬರಲಿಲ್ಲಲ್ಲ ಹೊರಗ,” ಎಂದು ಹೊರಟುಹೋದಳು.

ರಮಜಾನಬಿ ಬಾಗಿಲು ಮುಚ್ಚಿದಳು. ಬಾಗಿಲಿಗೇ ಬೆನ್ನು ಕೊಟ್ಟು ನಿಂತಳು.

“ಟೀವಿಯೊಳಗಿನ ಅಕಿಗೆ ಫೋನ್ ಮಾಡಿದವ್ರು ಯಾರ್ರಿ?”

“ನಾನಽ. ಹೊಲಿಗಿ ಉಳಿಸಬೇಕಂತ... ನಿನ್ನ ಗಂಡ ಹದಿನಾರರ ತನಕ ಜೀವಂತ...”

“ಅಂವ ಸತ್ತು ಎಂಟು ತಿಂಗಳಾತ್ರಿ.”

ಮಂಚದ ಮೇಲಿನ ಕೌದಿಯನ್ನು ತೆಗೆದು ಅವನ ಮುಂದೆ ಝಾಡಿಸಿ ಹರಡಿದಳು. ಮೂರು ವಾರ ಮಡಿಕೆಯಲ್ಲೇ ಇದ್ದ ಕೌದಿ ಅವನಿಗೆ ಈಗ ಪೂರ್ತಿ ಕಂಡಿತು. ಸಾಲು ಸಾಲು ಹೊಲಿಗೆ, ಎಲ್ಲವೂ ಎಡಕ್ಕೆ ವಾಲಿದ್ದು. ನಾಲ್ಕೂ ಮೂಲೆಗೆ ದಾರದ ಮೂರು ಸುತ್ತು.

ಶಂಕ್ರಪ್ಪ ಕೈಚೀಲದಿಂದ ಗೋಣಿಯ ತುಂಡನ್ನು ತೆಗೆದು ಕೌದಿಯ ಪಕ್ಕಕ್ಕೆ ಇಟ್ಟ.

“ನಾ ಎಡಚಿ ಅಲ್ರಿ. ಕಲಿಸಿದವ ಎಡಚ. ಮದಿವಿ ಆಗಿ ಬಂದಾಗ ನನಗ ಸೂಜಿ ಹಿಡಿಯಾಕ ಬರ್ತಿರಲಿಲ್ಲ. ಅಂವ ಹಿಡದಂಗ ಹಿಡದೆ. ಹೆಂಗಸರಿಗೆ ಪ್ಯಾಟ್ಯಾಗ ಹಮಾಲರ ನಂಬರಿನ ಬಿಲ್ಲಿ ಕೊಡೂದಿಲ್ಲ. ಅಂವನ ಹೆಸರಿಲೇ ಅರ್ಧಾ ಚೀಲ ನಾನಽ ಹೊಲೀತಿದ್ದೆ. ನೀವು ಮಾದರಿ ಅಂತ ಕೈಚೀಲದಾಗ ಇಟಗೊಂಡು ತಿರುಗೂದೂ ನನ್ನ ಹೊಲಿಗೀನಽ ಇರಬೇಕು. ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ.”

“ಹದಿನಾರಕ್ಕ ಕಾರಿನ್ಯಾಗ ಬಂದಾಕಿ...”

“ನಾನು. ‘ನಿನ್ನ ಗಂಡ ನಮ್ಮ ಹಂತ್ಯಾಕ ಅದಾನ, ಅಂವನಂಗ ಒಂದು ಚೀಲ ಹೊಲದು ಕೊಡು, ಸಂಜೀಕ ಮನಿಗೆ ಕಳಸ್ತೇವಿ’ ಅಂತ ಫೋನ್ ಬಂತು. ಹೋದೆ. ಗೋದಾಮಿನ್ಯಾಗ ಕುಂತು ಗೋಣಿ ಎಳಕೊಂಡ್ರ ಅದರ ಕೆಳಗ ಅಂವನ ಬಿಲ್ಲಿ ಬಿದ್ದಿತ್ತು. ಹಿತ್ತಾಳಿದು, ನೂರಾ ಹದಿನೆಂಟು ನಂಬರ. ಕೊಳ್ಳಾಗಿನ ದಾರ ಹರದು, ರಗತ ಕುಡದು ಕಟ್ಟಿಗಿ ಆಗಿತ್ತು. ಅಂವ ಮಲಗೂಮುಂದೂ ಅದನ್ನ ತಗೀತಿರಲಿಲ್ರಿ. ಸಂಜೀಕ ಯಾರೂ ಬರೂದಿಲ್ಲಂತ ಅವಾಗಽ ತಿಳೀತು.”

ಅವಳು ಅಳಲಿಲ್ಲ. ಅಳುವುದು ಶಂಕ್ರಪ್ಪನ ಪಾಲಿಗೆ ಬಂತು.

“ಒಳಗ ನನ್ನ ಕಾಯಾಕ ನಿಂತವ ಧೂಳಿಗೆ ಸೀನಿ ಆ ಕಡೆ ಹೊಳ್ಳಿದ. ಬಿಲ್ಲಿ ಮತ್ತ ಅಲ್ಲೇ ನೆಲಕ್ಕ ಬಿದ್ದಿದ್ದ ಒಂದು ಹಿಡಿ ಬಣ್ಣದ ಕಾಳು, ಚೀಲದ ಮೂಲಿಗೆ ತಳ್ಳಿ ಮ್ಯಾಲೆ ಹೊಲದೆ. ಸರಕಾರಿ ಸೀಲ್ ಬಿದ್ದ ಚೀಲ, ಇಂದಿಲ್ಲಾ ನಾಳೆ ನಾಕು ಮಂದಿ ಮುಂದ ಬಿಚ್ಚಲೇಬೇಕಲ್ಲ. ಟೀವಿಯೊಳಗ ಬಿಚ್ಚತಾರಂತ ಗೊತ್ತಾದ ದಿನ ಹಬ್ಬ ಬಂದಂಗ ಆಗಿತ್ತು.”

“ನನಗ ಯಾಕ ಹೇಳಲಿಲ್ಲವಾ?” ಎಂದ ಅವನು, ಕೇಳಬಾರದ ಪ್ರಶ್ನೆಯೆಂದು ಗೊತ್ತಿದ್ದೂ.

“ಒಮ್ಮೆ ಹೇಳಿದ್ದೆ. ಠಾಣೇಕ ಬಂದು. ನೀವು ಬರಕೊಂಡ್ರಿ.”

ಗೋಡೆಯ ಗೂಡಿನಲ್ಲಿದ್ದ ಅವಳ ಮೊಬೈಲು ರಿಂಗಾಯಿತು.

ಇಬ್ಬರೂ ಅತ್ತ ತಿರುಗಿದರು. ಅವಳು ಹತ್ತಿರ ಹೋಗಿ ನಂಬರು ನೋಡಿದಳು, ಮುಟ್ಟಲಿಲ್ಲ. “ಹದಿನಾರನೇ ತಾರೀಖ ಮುಂಜಾನೆ ಬಂದಿದ್ದೂ ಇದಽ ನಂಬರ,” ಎಂದಳು.

ಬೆಂಗಳೂರಿನ ನೇರಪ್ರಸಾರ ಬ್ಯಾಡಗಿ ಮುಟ್ಟಲು ಹತ್ತು ಹದಿನೈದು ಸೆಕೆಂಡು ತಡ. ಮೊಬೈಲು ಹೊಡೆದುಕೊಳ್ಳುತ್ತಿರುವಾಗಲೇ ಟೀವಿಯಲ್ಲಿ ಸುನೀಲಕುಮಾರ ಜೇಬಿನಿಂದ ಫೋನು ತೆಗೆದ. ನಂಬರು ಒತ್ತಿದ. ಎಡಗೈಯವರ ಹೊಲಿಗೆ ಎಂದು ಈಗಷ್ಟೇ ರಾಜ್ಯವೆಲ್ಲ ಕೇಳಿಸಿಕೊಂಡ ಆ ಬಾಯಿಯನ್ನು ಬೆರಳಿನಿಂದ ಸವರುತ್ತ, ಫೋನನ್ನು ಕಿವಿಗಿಟ್ಟುಕೊಂಡ.

“ಎತ್ತಬ್ಯಾಡ,” ಎಂದ ಶಂಕ್ರಪ್ಪ.

ರಮಜಾನಬಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೊಬೈಲನ್ನು ಎಡಗೈಯಲ್ಲಿ ಎತ್ತಿಕೊಂಡಳು.

“ಹಲೋ. ಹೌದ್ರಿ, ನಾನಽ,” ಎಂದಳು. “ಠಾಣೇದಾಗಿದ್ದ ಶಂಕ್ರಪ್ಪನವ್ರೂ ಇಲ್ಲೇ ಅದಾರ್ರಿ. ಈ ಸಲ ಎಲ್ಲಾ ಬರಕೊಂತಾರ.”